ಮೊಣಕಾಲಿನ ಅಳತೆ

ಬೂಟಿನ ಅಡಿಯ ಸಂದುಗಳಲ್ಲಿ ಒಣಗಿ ಕೂತಿದ್ದ ಮಣ್ಣನ್ನು ಅವಳು ಮೊಂಡು ಚಾಕುವಿನ ತುದಿಯಿಂದ ಕೆರೆದು ಬೀಳಿಸುತ್ತಿದ್ದಳು, ಸದ್ದಾಗದಂತೆ. ಬಾಗಿಲಾಚೆ ಹಳೆಯ ಪೇಪರು ಹಾಸಿಕೊಂಡು, ಕುಕ್ಕರಗಾಲಿನಲ್ಲಿ ಕೂತು, ಉದುರಿದ್ದು ಪೇಪರಿನ ಅಂಚು ದಾಟದಂತೆ ಕಣ್ಣಿಟ್ಟಿದ್ದಳು. ಒಳಗೆ ಅತ್ತಿಗೆ ಎದ್ದಾಗಿತ್ತು. ಒಲೆ ಹೊತ್ತಿಕೊಂಡ ಸದ್ದು ಕೇಳಿತು. ಮಣ್ಣಿನ ವಿಷಯಕ್ಕೆ ಅತ್ತಿಗೆ ಈವರೆಗೆ ಒಂದು ಮಾತೂ ಆಡಿದವಳಲ್ಲ. ಇವಳು ಒರೆಸಿ ಎದ್ದ ಜಾಗವನ್ನು ಇವಳೆದುರಿಗೇ ಇನ್ನೊಮ್ಮೆ ಒರೆಸುತ್ತಾಳೆ, ಅಷ್ಟೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಒರೆಸುವವಳಿಗೆ ಏನು ಹೇಳುವುದು? ಮಣ್ಣು ಬೂಟಿನ ಅಡಿಯ ಅಚ್ಚಿನಲ್ಲೇ ಬಿಲ್ಲೆ ಬಿಲ್ಲೆಯಾಗಿ ಕಳಚಿ ಬೀಳುತ್ತಿತ್ತು. ಬೆಟ್ಟದ ದಾರಿಯನ್ನು ಹೀಗೆ ದಿನಕ್ಕಿಷ್ಟು ಕಾಲಿನಲ್ಲಿ ಹೊತ್ತು ತಂದು ಅಣ್ಣನ ಮನೆಯ ಕಸದ ಬುಟ್ಟಿಗೆ ಹಾಕುವುದು, ಮತ್ತೆ ಬೆಳಿಗ್ಗೆ ಹೋಗಿ ಅದೇ ದಾರಿಯನ್ನು ಉಳಿಸುವುದು, ಇದಕ್ಕೆ ತನಗೆ ಕೊಟ್ಟಿರುವ ಹೆಸರು ‘ತಂಡದ ನಾಯಕಿ’. ಆ ಎರಡು ಪದ ಅಂಗಿಯ ಜೇಬಿನ ಮೇಲೆ ಹಸಿರು ದಾರದಲ್ಲಿ ಹೊಲಿದಿದೆ. ಒಗೆದು ಒಗೆದು ‘ನಾಯಕಿ’ಯ ಕೊನೆಯ ಗುಡಿಸು ಬಿಚ್ಚಿಕೊಂಡು ಈಗ ಅದು ‘ನಾಯಕ’ ಎಂದೇ ಕಾಣುತ್ತದೆ.

“ಇವತ್ತಲ್ವಾ ನಿಮ್ಮ ಮೇಡಂ ಬರೋದು?” ಎಂದು ಅತ್ತಿಗೆ ಒಳಗಿನಿಂದಲೇ ಕೇಳಿದಳು.

“ಹೂಂ.”

“ರೂಮಿನ ವಿಷಯ ಇವತ್ತೇ ಹೇಳ್ತಾರಾ? ಸುಮ್ನೆ ಕೇಳ್ದೆ ಕಣೆ. ಹೋಗು ಅಂತಲ್ಲ.”

“ಅವಳಿಗೆ ಗೊತ್ತಿಲ್ವಾ ನೀನು ಸುಮ್ನೆ ಕೇಳೋದು,” ಎಂದ ಅಣ್ಣ, ಬಾತ್‌ರೂಮಿನೊಳಗಿಂದ. ಯಾರ ಪರವಾಗಿ ಅಂದನೋ ತಿಳಿಯಲಿಲ್ಲ. ಅಣ್ಣನ ಮಾತೆಲ್ಲ ಹೀಗೇ, ಮುಚ್ಚಿದ ಬಾಗಿಲ ಹಿಂದಿನಿಂದ, ನಲ್ಲಿ ಬಿಟ್ಟುಕೊಂಡು.

ಬೆಟ್ಟದ ಬುಡದಲ್ಲಿ ಗುದ್ದಲಿ, ಹಾರೆ ಇಡುವ ಶೆಡ್ಡಿಗೆ ಅಂಟಿಕೊಂಡಂತೆ ಒಂದು ತಗಡಿನ ಮಾಡಿನ ಕೋಣೆ ಇತ್ತು. ಕೆಲಸ ಕಾಯಂ ಆದವರಿಗೆ ಆ ಕೋಣೆ. ಕಿಟಕಿಯ ಗಾಜು ಒಡೆದಿತ್ತು, ಗೋಡೆಯಲ್ಲಿ ತೇವವಿತ್ತು. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು, ಮತ್ತು ಒಂದು ಕಬ್ಬಿಣದ ಮಂಚವಿತ್ತು. ಕಾಲಿನ ಕಡೆ ಆ ಮಂಚಕ್ಕೆ ಅಡ್ಡಪಟ್ಟಿ ಇಲ್ಲ ಎಂಬುದನ್ನು ಅವಳು ಕಿಟಕಿಯಿಂದ ಇಣುಕಿದ ಮೊದಲ ದಿನವೇ ಗಮನಿಸಿದ್ದಳು. ಅಣ್ಣನ ಮನೆಯ ಹಾಲಿನ ಸೋಫಾ ಅವಳಿಗಿಂತ ಒಂದು ಗೇಣು ಗಿಡ್ಡ. ಅವಳ ಪಾದಗಳು ರಾತ್ರಿಯೆಲ್ಲ ಸೋಫಾದ ತೋಳಿನಾಚೆ, ಯಾರೋ ಮರೆತು ಹೋದ ಸಾಮಾನಿನ ಹಾಗೆ ಚಾಚಿಕೊಂಡಿರುತ್ತವೆ. ನೀರಿಗೆ ಎದ್ದ ಅಣ್ಣ ಒಮ್ಮೆ ಕತ್ತಲಲ್ಲಿ ಅವುಗಳಿಗೆ ಡಿಕ್ಕಿ ಹೊಡೆದು “ಸಾರಿ” ಅಂದಿದ್ದ. ತಂಗಿಯ ಕಾಲಿಗೆ ಸಾರಿ ಅಂದವನು ಬೆಳಿಗ್ಗೆ ಅವಳ ಮುಖ ನೋಡಿರಲಿಲ್ಲ. ಆ ಕೋಣೆ ಸಿಕ್ಕರೆ ಸಾಕು. ಕೋಣೆ ಸಿಗಬೇಕಾದರೆ ಇವತ್ತು, ಬೆಟ್ಟದ ದಾರಿಗಳನ್ನು ಕಾಪಾಡುವ ಈ ಸಂಸ್ಥೆಯನ್ನು ನಡೆಸುವ ಮೇಡಂ ದಾರಿ ನೋಡಿ ಮೆಚ್ಚಬೇಕು. ಮೆಚ್ಚುವುದಕ್ಕೇ ಬರುತ್ತಿದ್ದಾರೆ ಎಂದು ಕಚೇರಿಯವರು ಫೋನಿನಲ್ಲಿ ಹೇಳಿದ್ದರು.

ಬಸ್ಸಿನಲ್ಲಿ ನಿಂತಾಗ ತಲೆಯ ಮೇಲಿನ ಕಂಬಿ ಅವಳ ಹಣೆಗೆ ಬರುತ್ತದೆ. ಶಾಲೆಯಲ್ಲಿ ಅವಳನ್ನು ಏಣಿ ಎನ್ನುತ್ತಿದ್ದರು. ಹಿಂದಿನ ಬೆಂಚಿನವರಿಗೆ ಬೋರ್ಡು ಕಾಣುವುದಿಲ್ಲವೆಂದು ಮೇಷ್ಟರು ಅವಳನ್ನು ಗೋಡೆಯ ಮೂಲೆಗೆ ಕೂರಿಸಿದ್ದರು, ಗೋಡೆಯ ಮೂಲೆಯಿಂದ ಬೋರ್ಡು ಅವಳಿಗೇ ಕಾಣುತ್ತಿರಲಿಲ್ಲ. ಶಾಲೆ ಬಿಟ್ಟು ಬಟ್ಟೆ ಅಂಗಡಿಗೆ ಸೇರಿದಾಗ ಒಂಟೆಯಾದಳು. ಇಲ್ಲಿ ತಂಡದ ನಾಲ್ವರು ಎದುರಿಗೆ ಅಕ್ಕ ಅನ್ನುತ್ತಾರೆ, ಹಿಂದಿನಿಂದ ಕೊಕ್ಕರೆ ಅನ್ನುತ್ತಾರೆ. ಗೊತ್ತಾದ ದಿನ ಅವಳಿಗೆ ಅಷ್ಟೇನೂ ನೋವಾಗಿರಲಿಲ್ಲ. ಏಣಿಯಿಂದ ಒಂಟೆ, ಒಂಟೆಯಿಂದ ಕೊಕ್ಕರೆ, ನೋಡಿದರೆ ಬಡ್ತಿಯೇ. ಕೊನೆಗೆ ರೆಕ್ಕೆಯಾದರೂ ಬಂತಲ್ಲ.

ಶೆಡ್ಡಿನ ಮುಂದೆ ನಾಲ್ವರೂ ಆಗಲೇ ಸುತ್ತು ನಿಂತಿದ್ದರು. ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಎಲ್ಲರೂ ಸುತ್ತು ನಿಂತು, ಇವತ್ತು ಮನಸ್ಸು ಹೇಗಿದೆ ಎಂಬುದನ್ನು ಬೆರಳೆತ್ತಿ ತೋರಿಸಬೇಕೆಂದು ಕಚೇರಿಯ ನಿಯಮ. ಒಂದು ಬೆರಳೆಂದರೆ ಅಳು ಬರುವಂತಿದೆ, ಐದೆಂದರೆ ಹಾರುವಂತಿದೆ. ತರಬೇತಿಯಲ್ಲಿ ಇದನ್ನು ಕಲಿಸಿದಾಗ ಅವಳು ಕಣ್ಣು ಪಿಳಿಪಿಳಿ ಬಿಟ್ಟಿದ್ದಳು. ತಂಡದವರು ಮಾತ್ರ ಬಹಳ ಬೇಗ ಕಲಿತರು: ಮೂರು ತೋರಿಸಿದರೆ ಅಕ್ಕ ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡಿಸುತ್ತಾಳೆ, ಐದು ತೋರಿಸಿದರೆ ಏನು ವಿಶೇಷ ಅಂತ ಕೇಳುತ್ತಾಳೆ, ಆದ್ದರಿಂದ ದಿನವೂ ನಾಲ್ವರದ್ದೂ ನಾಲ್ಕು. ಇವತ್ತೂ ನಾಲ್ಕು. ಡಿಗ್ರಿ ಮುಗಿಸಿ ಸರ್ಟಿಫಿಕೇಟಿಗಾಗಿ ಬಂದಿದ್ದ ಹುಡುಗ, ಡಿಗ್ರಿ ಅಂತಲೇ ಅವನ ಹೆಸರಾಗಿತ್ತು, ಆಕಳಿಸುತ್ತಲೇ ನಾಲ್ಕು ಬೆರಳೆತ್ತಿದ. ಪೈಲ್ವಾನ ಎತ್ತಿದ. ಸಿಕ್ಕಿದ್ದನ್ನೆಲ್ಲ ಫೋನಿನಲ್ಲಿ ಹಿಡಿದು ಕಚೇರಿಗೆ ಕಳಿಸುವ ಫೋಟೋ ಎಂಬ ಹುಡುಗಿ ಒಂದು ಕೈಯಲ್ಲಿ ನಾಲ್ಕು ತೋರಿಸಿ ಇನ್ನೊಂದು ಕೈಯಲ್ಲಿ ಅದರ ಫೋಟೋ ತೆಗೆದಳು. ಗುಬ್ಬಿ ಎತ್ತಿದ್ದೂ ನಾಲ್ಕೇ. ಅವಳ ಕೈ ಎಲ್ಲರ ಕೈಗಿಂತ ಕೆಳಗಿತ್ತು.

“ಮೇಡಂ ಜೊತೆ ಈ ದಾರಿಗೆ ದುಡ್ಡು ಕೊಟ್ಟೋರೂ ಬರ್ತಿದಾರೆ, ಗಂಡ ಹೆಂಡ್ತಿ,” ಎಂದಳು ನಾಯಕಿ. “ಕೇಳಿದ್ರೆ ಮಾತ್ರ ಮಾತಾಡಿ.”

“ಕೇಳದಿದ್ರೆ?” ಎಂದ ಡಿಗ್ರಿ.

“ಕೇಳದಿದ್ರೆ ನಗು,” ಎಂದ ಪೈಲ್ವಾನ. “ನಿಂಗೆ ಕಾಲೇಜಲ್ಲಿ ಇಷ್ಟೂ ಕಲಿಸಿಲ್ವಾ?”

ಗುಬ್ಬಿ ಹತ್ತಿರ ಬಂದು ಮೆಲ್ಲಗೆ, “ಅಕ್ಕಾ, ಮುಂದಿನ ಸೀಸನ್ನಿಗೂ ನಾನು ಇರಬಹುದಾ ಅಂತ ಕೇಳ್ತೀರಾ? ಕೇಳ್ತೀನಿ ಅಂದಿದ್ರಿ,” ಎಂದಳು.

“ಟೈಮ್ ನೋಡಿ ಕೇಳ್ತೀನಿ,” ಎಂದಳು ಅವಳು. ತನ್ನ ಬಾಯಿಯಿಂದ ಅತ್ತಿಗೆಯ ದನಿ ಬಂದ ಹಾಗಾಯಿತು.

ಮೇಲೆ, ಎರಡನೆಯ ತಿರುವಿನಲ್ಲಿ ಮೆಟ್ಟಿಲುಗಳಿದ್ದವು. ಅಲ್ಲಿ ಮೊದಲು ದಾರಿಯೇ ಇರಲಿಲ್ಲ, ಬೆಟ್ಟ ಹತ್ತುವವರೆಲ್ಲ ಜಾರಿ ಜಾರಿ ನೆಲ ಬೋಳಾಗಿ ಒಂದು ಅಗಲವಾದ ಕೆಂಪು ಗಾಯ ಬಿದ್ದಿತ್ತು. ತಂಡ ಸೀಸನ್ನೆಲ್ಲ ಅಲ್ಲೇ ಕಳೆದಿತ್ತು. ಕಲ್ಲು ಹೊತ್ತು ತಂದು, ಹಾರೆಯಲ್ಲಿ ಮೀಟಿ ಕೂರಿಸಿ, ಮೆಟ್ಟಿಲು ಮಾಡಿ, ಎರಡೂ ಪಕ್ಕದ ಬೋಳು ನೆಲಕ್ಕೆ ಒಣಕೊಂಬೆ ಹಾಸಿ, ಬೇರೆ ಕಡೆಯಿಂದ ಹುಲ್ಲಿನ ಗಡ್ಡೆ ತಂದು ನೆಟ್ಟಿದ್ದರು. ಆ ಹುಲ್ಲು ಚಿಗುರಿದ್ದನ್ನು ಮೊದಲು ಕಂಡವಳು ಗುಬ್ಬಿ. ಜನ ಮೆಟ್ಟಿಲು ಬಿಟ್ಟು ಪಕ್ಕದಲ್ಲಿ ನಡೆದರೆ ಆ ಮೆಟ್ಟಿಲು ಸತ್ತ ಹಾಗೆ, ಎಂದು ತರಬೇತಿ ಕೊಟ್ಟವರು ಹೇಳಿದ್ದರು. ಅದಕ್ಕೇ ಅಳತೆ ಮುಖ್ಯ. ತಂಡದಲ್ಲಿ ಒಬ್ಬರನ್ನು ನಿಲ್ಲಿಸಿ, ಅವರ ಪಾದದಿಂದ ಮೊಣಕಾಲಿಗಿರುವ ಎತ್ತರದ ಅರ್ಧಕ್ಕೆ ಒಂದು ಕೋಲು ಕತ್ತರಿಸಿಕೊಳ್ಳಿ, ಪ್ರತಿ ಮೆಟ್ಟಿಲೂ ಆ ಕೋಲಿನಷ್ಟೇ ಎತ್ತರವಿರಲಿ, ಒಬ್ಬ ಸಾಮಾನ್ಯ ಮನುಷ್ಯನನ್ನು ಆರಿಸಿಕೊಳ್ಳಿ. ಸಾಮಾನ್ಯ ಮನುಷ್ಯ. ಆ ದಿನ ಶೆಡ್ಡಿನ ಮುಂದೆ ಕೋಲು ಹಿಡಿದು ನಿಂತಾಗ ಅವಳು ನಾಲ್ವರನ್ನೂ ಒಂದು ಸುತ್ತು ನೋಡಿ, ಬಾಗಿ, ಕೋಲನ್ನು ತನ್ನ ಮೊಣಕಾಲಿಗೇ ಇಟ್ಟುಕೊಂಡಿದ್ದಳು. ಯಾಕೆ ಎಂದು ಆಗ ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ. ನಾಯಕಿಯ ಕಾಲು ಇರುವಾಗ ಬೇರೆ ಕಾಲು ಯಾಕೆ? ಇಷ್ಟು ವರ್ಷ ಬಾಗಿಲ ಚೌಕಟ್ಟು, ಬಸ್ಸಿನ ಕಂಬಿ, ಸೋಫಾ, ಅಂಗಡಿಯ ಚೂಡಿದಾರ, ಎಲ್ಲವೂ ಬೇರೆಯವರ ಅಳತೆಗೇ ಇದ್ದವು. ಒಂದು ಬೆಟ್ಟವಾದರೂ ತನ್ನ ಅಳತೆಗಿರಲಿ ಎಂದು ಎಲ್ಲೋ ಒಳಗಿನಿಂದ ಯಾರೋ ಅಂದಿರಬೇಕು.

ಕಲ್ಲೆತ್ತಲು ಬಲ ಸಾಲದವಳಾದ್ದರಿಂದ ಕೋಲು ಹಿಡಿಯುವ ಕೆಲಸ ಗುಬ್ಬಿಗೆ ಬಿತ್ತು. ಮೂರನೆಯ ಮೆಟ್ಟಿಲು ಕೂರಿಸಿದ ದಿನ ಗುಬ್ಬಿ ಹತ್ತಿ ನೋಡಿ, ತೊಡೆಗೆ ಕೈಯೂರಿ, “ಅಕ್ಕಾ, ಸ್ವಲ್ಪ ಎತ್ತರ ಆಯ್ತೇನೋ. ನಂಗೆ ಕಷ್ಟ ಆಗ್ತಿದೆ,” ಎಂದಿದ್ದಳು. ಅವಳು ಹಿಂದುಮುಂದು ನೋಡದೆ, “ಏನ್ ಮಾಡೋದಮ್ಮ, ಬೆಟ್ಟಕ್ಕೆ ನಿನ್ನ ಕಾಲು ಯಾರೂ ತೋರಿಸಿರ್ಲಿಲ್ಲ,” ಎಂದಿದ್ದಳು. ಎಲ್ಲರೂ ನಕ್ಕರು. ಪೈಲ್ವಾನ ಹಾರೆ ಕೆಳಗಿಟ್ಟು ನಕ್ಕ. ತನ್ನ ಮಾತಿಗೆ ನಾಲ್ಕು ಜನ ನಗುವುದು, ಆ ನಗು ತನ್ನನ್ನು ದಾಟಿ ಇನ್ನೊಬ್ಬರ ಮೇಲೆ ಬೀಳುವುದು, ಅದು ಎಂಥ ಸುಖ ಎಂದು ಅವಳಿಗೆ ಆ ದಿನ ಮೊದಲ ಸಲ ತಿಳಿಯಿತು. ಮನೆಗೆ ಹೋಗುವವರೆಗೂ ಬಾಯಲ್ಲಿ ಪೆಪ್ಪರಮಿಂಟಿನ ಹಾಗೆ ಅದನ್ನು ಚೀಪಿಕೊಂಡೇ ಹೋದಳು. ಗುಬ್ಬಿಯೂ ನಕ್ಕಿದ್ದಳು. ಏಣಿ ಎಂದಾಗ ತಾನೂ ಹೀಗೇ ನಗುತ್ತಿದ್ದೆ ಎಂಬುದು ಅವಳಿಗೆ ನೆನಪಾದದ್ದು ಎಷ್ಟೋ ದಿನಗಳ ಮೇಲೆ, ಹಲ್ಲುಜ್ಜುವಾಗ.

ಮೆಟ್ಟಿಲು ಮುಗಿದ ಸಂಜೆ ಫೋಟೋ ಅವಳನ್ನು ಅದರ ಮೇಲೆ ಹತ್ತಿಸಿ ಚಿತ್ರ ತೆಗೆದಳು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಬೆನ್ನು ನೆಟ್ಟಗೆ, ಗಾಳಿಯಲ್ಲಿ ನಡೆದಂತೆ. ಅಷ್ಟು ಚೆಂದವಾಗಿ ಆ ಮೆಟ್ಟಿಲು ಹತ್ತಬಲ್ಲವಳು ಲೋಕದಲ್ಲಿ ಅವಳೊಬ್ಬಳೇ ಎಂಬುದು ಚಿತ್ರದಲ್ಲಿ ಹೇಗೆ ಕಾಣಬೇಕು? ಕಚೇರಿಯವರು ಅದನ್ನು ದೊಡ್ಡದು ಮಾಡಿ ಗೋಡೆಗೆ ಹಾಕಿದರು. ಮೇಡಂ ಮೆಚ್ಚಿದ್ದು ಅದನ್ನು. ಇವತ್ತು ಬರುತ್ತಿರುವುದೂ ಅದನ್ನು ನೋಡಿಯೇ.

ಮೇಡಂ ಬಂದರು. ಹೊಸ ಬೂಟು, ಬಲ ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಊರುಗೋಲು. ಹಿಂದೆ ದುಡ್ಡು ಕೊಟ್ಟ ದಂಪತಿ. ಗಂಡ ದಪ್ಪಗೆ, ಹೆಂಡತಿ ಇನ್ನೂ ಸ್ವಲ್ಪ ದಪ್ಪಗೆ, ಇಬ್ಬರಿಗೂ ಒಂದೇ ಬಣ್ಣದ ಟೋಪಿ. “ಫೋಟೋದಲ್ಲಿರೋಳು ಇವಳೇ,” ಎಂದು ಮೇಡಂ ಅವಳ ಬೆನ್ನಿಗೆ ಕೈಯಿಟ್ಟರು. ಭುಜ ಎಟುಕದೆ ಬೆನ್ನಿಗೇ ಇಟ್ಟರು. ಅವಳು ಎಲ್ಲರಿಗಿಂತ ಮುಂದೆ ಹತ್ತಿದಳು, ಹತ್ತಿ ತಿರುಗಿ ನಿಂತಳು. ನಿಂತ ಮೇಲೆ ಕಂಡದ್ದು ಇದು: ಮೇಡಂ ಮೊದಲ ಮೆಟ್ಟಿಲಿಗೆ ಕಾಲೆತ್ತಿದರು. ಎತ್ತಿದ ಕಾಲು ಗಾಳಿಯಲ್ಲಿ ಸ್ವಲ್ಪ ಯೋಚಿಸಿತು. ಊರುಗೋಲು ಊರಿ, ತುಟಿ ಕಚ್ಚಿ, ಹತ್ತಿದರು. ಎರಡನೆಯದಕ್ಕೆ “ಅಮ್ಮಾ” ಎಂದರು. ಮೂರನೆಯದನ್ನು ಒಮ್ಮೆ ನೋಡಿ, ಏನೂ ಆಗಿಲ್ಲವೆಂಬಂತೆ ಪಕ್ಕಕ್ಕೆ ಸರಿದು, ಒಣಕೊಂಬೆಗಳನ್ನು ಊರುಗೋಲಿನಿಂದ ಅತ್ತ ತಳ್ಳಿ, ಚಿಗುರಿದ ಹುಲ್ಲಿನ ಮೇಲೆ ಕಾಲಿಟ್ಟು ಹತ್ತತೊಡಗಿದರು. ಅವರ ಹಿಂದೆ ಗಂಡ. ಗಂಡನ ಹಿಂದೆ ಹೆಂಡತಿ, ಅವನ ಬೆಲ್ಟು ಹಿಡಿದುಕೊಂಡು. ಹುಲ್ಲಿನ ಗಡ್ಡೆಯೊಂದು ಬೇರು ಸಮೇತ ಕಿತ್ತು ಆಕೆಯ ಬೂಟಿಗೆ ಅಂಟಿಕೊಂಡು ಎರಡು ಹೆಜ್ಜೆ ಜೊತೆಗೇ ಬಂತು.

“ಒಳ್ಳೆ ವ್ಯಾಯಾಮ ಆಯ್ತು,” ಎಂದ ಗಂಡ, ಮೇಲೆ ಬಂದು ಉಸಿರು ಬಿಡುತ್ತ. “ಜಿರಾಫೆಗಳಿಗೆ ಅಂತ ಕಟ್ಸಿದೀರಾ ಮೇಡಂ?”

ಮೇಡಂ ನಗಲಿಲ್ಲ. ದುಡ್ಡು ಕೊಟ್ಟವರು ಆಡಿದ ತಮಾಷೆಗೆ ನಗದಿರುವುದು ಎಂದರೆ ಸಿಟ್ಟು ಬಂದಿದೆ ಎಂದರ್ಥ. “ಈ ಅಳತೆ ಯಾರದ್ದು?” ಎಂದು ಕೇಳಿದರು.

ನಾಲ್ವರೂ ಅವಳ ಮುಖ ನೋಡಿದರು. ಅವಳ ಕಣ್ಣೆದುರು ಮಂಚ ಬಂತು, ಕಾಲಿನ ಕಡೆ ಅಡ್ಡಪಟ್ಟಿಯಿಲ್ಲದ ಮಂಚ. ಅತ್ತಿಗೆಯ ಒರೆಸುವ ಬಟ್ಟೆ ಬಂತು. ಸುಳ್ಳು ಹೇಳಬೇಕೆಂದು ಅವಳಿಗಿರಲಿಲ್ಲ, ಹೇಳಲೂ ಇಲ್ಲ. “ಕೋಲು ಗುಬ್ಬಿ ಹಿಡೀತಿದ್ಲು, ಮೇಡಂ,” ಎಂದಳು. ಪ್ರತಿಯೊಂದು ಪದವೂ ನಿಜ. ಇಷ್ಟು ನಿಜವಾದ ಮಾತನ್ನು ತಾನು ಇಡೀ ಸೀಸನ್ನಿನಲ್ಲಿ ಆಡಿರಲಿಲ್ಲವೇನೋ ಎನಿಸಿತು.

ಮೇಡಂ ಗುಬ್ಬಿಯ ಕಡೆ ತಿರುಗಿ, ತಲೆಯಿಂದ ಕಾಲಿನವರೆಗೆ ನೋಡಿದರು. ಕಾಲಿನವರೆಗೆ ನೋಡಲು ಬಹಳ ಹೊತ್ತೇನೂ ಬೇಕಾಗಲಿಲ್ಲ. “ನೀನಾ? ಕೋಲನ್ನ ನೆಟ್ಟಗೆ ಹಿಡೀಬೇಕು ಪುಟ್ಟಾ. ಅಡ್ಡಾದಿಡ್ಡಿ ಹಿಡಿದ್ರೆ ಹೀಗಾಗತ್ತೆ.”

“ಹೂಂ ಮೇಡಂ,” ಎಂದಳು ಗುಬ್ಬಿ.

“ಹೂಂ ಅಂದ್ರೆ?”

“ನೆಟ್ಟಗೆ ಹಿಡೀತೀನಿ, ಮೇಡಂ.”

ಡಿಗ್ರಿ ಕೆಮ್ಮಿದ. ಪೈಲ್ವಾನ ತನ್ನ ಅಂಗೈಯ ಬೊಕ್ಕೆಯನ್ನು ಬಹಳ ಆಸಕ್ತಿಯಿಂದ ನೋಡಿಕೊಳ್ಳತೊಡಗಿದ. ವಾತಾವರಣ ತಿಳಿಯಾಗಲೆಂದು ಮೇಡಂ ಅತಿಥಿಗಳ ಕಡೆ ತಿರುಗಿ, ನಮ್ಮ ಮಕ್ಕಳು ದಿನಾ ಮನಸ್ಸಿನ ಮಾತು ಹೇಗೆ ಹಂಚಿಕೊಳ್ತಾರೆ ನೋಡಿ ಎಂದು, ಎಲ್ಲರನ್ನೂ ಸುತ್ತು ನಿಲ್ಲಿಸಿದರು. ಬೆರಳುಗಳು ಎದ್ದವು. ಐದು, ಐದು, ಐದು, ಐದು. ಗುಬ್ಬಿಯ ಕೈ ಎಲ್ಲರಿಗಿಂತ ಮೊದಲು ಎದ್ದಿತ್ತು, ಬೆರಳುಗಳು ಒಂದರಿಂದೊಂದು ದೂರವಾಗಿ ಬಿರಿದು ನಿಂತಿದ್ದವು, ಕಂಪಿಸದೆ. “ಅಯ್ಯೋ, ಎಷ್ಟು ಮುದ್ದು,” ಎಂದಳು ಅತಿಥಿ ಹೆಂಡತಿ. ನಾಯಕಿಯೂ ತೋರಿಸಬೇಕು ಎಂದು ಆಕೆಯ ಗಂಡ ಹೇಳಿದ. ನಾಯಕಿ ತೋರಿಸಿದಳು. ಆ ಐದು ಬೆರಳುಗಳು ಎಲ್ಲರ ಕೈಗಿಂತ ಮೇಲೆ, ಬೆಟ್ಟದ ಗಾಳಿಯಲ್ಲಿ, ಯಾರೋ ಬಾಡಿಗೆಗೆ ಕೊಟ್ಟ ಹಾಗೆ ನಿಂತಿದ್ದವು.

ಅವರು ಇಳಿದು ಹೋದರು, ಹೋಗುವಾಗಲೂ ಹುಲ್ಲಿನ ಮೇಲೆಯೇ. ಅವಳು ಮೇಲೆಯೇ ನಿಂತಿದ್ದಳು. ಹೇಳಿಬಿಡಬೇಕು ಎನ್ನುವುದು ಒಂದು ಯೋಚನೆಯಾಗಿ ಬರಲಿಲ್ಲ, ಮೂತ್ರಕ್ಕೆ ಅವಸರವಾದ ಹಾಗೆ ಬಂತು, ತಡೆಯಲಾಗದೆ. ನಾಲ್ವರ ಕಡೆ ನೋಡದೆ ಮೆಟ್ಟಿಲಿಳಿದು ಓಡಿದಳು. ಅವಳಿಗೆ ಮೆಟ್ಟಿಲು ಬಹಳ ಅನುಕೂಲವಾಗಿದ್ದವು. ಮೊದಲ ತಿರುವಿನಲ್ಲೇ ಮೇಡಂ ಸಿಕ್ಕರು.

“ಮೇಡಂ, ಅಳತೆ ನಂದು. ಗುಬ್ಬಿದಲ್ಲ.”

ಮೇಡಂ ನಿಂತರು. ಅವಳನ್ನು ನೋಡಿದರು. ನೋಡುತ್ತ ನೋಡುತ್ತ ಮುಖವೆಲ್ಲ ಕರಗಿತು. “ನೋಡಿದ್ರಾ?” ಎಂದರು ಅತಿಥಿಗಳಿಗೆ. “ತಂಡದವರು ತಪ್ಪು ಮಾಡಿದ್ರೆ ಅದು ನಂದು ಅನ್ನೋ ಗುಣ. ತರಬೇತೀಲಿ ನಾವು ಇದನ್ನೇ ಬಾಯಿ ಬಡ್ಕೊಂಡು ಹೇಳೋದು. ಎಷ್ಟು ಜನಕ್ಕೆ ಬರತ್ತೆ?”

“ಹಾಗಲ್ಲ ಮೇಡಂ. ನಿಜವಾಗ್ಲೂ ನಂದೇ.”

“ಆಯ್ತಮ್ಮಾ, ಆಯ್ತು. ನಿಂದೇ,” ಎಂದರು ಮೇಡಂ, ಜ್ವರ ಬಂದ ಮಗುವಿಗೆ ಹೇಳುವಂತೆ. ಅತಿಥಿ ಹೆಂಡತಿಯ ಕಣ್ಣು ಒದ್ದೆಯಾಗಿತ್ತು. “ಮೆಟ್ಟಿಲು ಕಿತ್ತು ಮತ್ತೆ ಕೂರ್ಸಿ. ಸೋಮವಾರ ಆಫೀಸಿಗೆ ಬಾ, ರೂಮಿನ ಕೀ ಕೊಡ್ತೀನಿ. ಆಮೇಲೆ ನೋಡು, ಆ ಪುಟ್ಟ ಹುಡುಗಿ ಮುಂದಿನ ಸೀಸನ್ನಿಗೆ ಬೇಡ. ನೀನು ಹೇಳಲ್ಲ ಅಂತ ಗೊತ್ತು, ಅದಕ್ಕೆ ನಾನೇ ಹೇಳ್ತಿದೀನಿ.”

ಇನ್ನೊಂದು ಮಾತು ಉಳಿದಿತ್ತು. ಕೋಲು ತರಿಸಿ ನನ್ನ ಮೊಣಕಾಲಿನ ಪಕ್ಕ ನಿಲ್ಲಿಸಿ ನೋಡಿ ಎಂದರೆ ಮುಗಿಯುತ್ತಿತ್ತು. ಕೋಲು ಮೇಲೆಯೇ ಕಲ್ಲಿಗೊರಗಿ ನಿಂತಿತ್ತು. ಆ ಮಾತು ಗಂಟಲಿನವರೆಗೆ ಬಂದದ್ದು ಅವಳಿಗೆ ಚೆನ್ನಾಗಿ ತಿಳಿಯಿತು. ಅದು ಅಲ್ಲಿ ನಿಂತು, ಸುತ್ತ ನೋಡಿ, ಹಿಂದಕ್ಕೆ ಹೋದದ್ದೂ ತಿಳಿಯಿತು. ಎರಡು ಸಲ ಹೇಳಿದೆನಲ್ಲ, ನಂಬದಿದ್ದರೆ ನಾನೇನು ಮಾಡಲಿ ಎಂದು ಯಾರೋ ವಾದಿಸುತ್ತಿದ್ದರು, ಆ ವಕೀಲನ ದನಿ ಬಾತ್‌ರೂಮಿನೊಳಗಿಂದ ಬರುವ ಅಣ್ಣನ ದನಿಯಂತೆಯೇ ಇತ್ತು. “ಥ್ಯಾಂಕ್ಸ್ ಮೇಡಂ,” ಎಂದಳು. ಅವರು ತಿರುವಿನಲ್ಲಿ ಮರೆಯಾದರು. ಅವಳ ಕಾಲುಗಳು ಹಗುರಾಗಿದ್ದವು. ನಾಚಿಕೆಯಾದರೆ ಕಾಲು ಭಾರವಾಗಬೇಕಲ್ಲವೇ ಎಂದುಕೊಂಡಳು. ಅವು ತಮ್ಮ ಪಾಡಿಗೆ, ಈಗಾಗಲೇ ಮಂಚದ ಮೇಲೆ ಚಾಚಿಕೊಂಡಂತೆ ಇದ್ದವು.

ಮೇಲೆ ನಾಲ್ವರೂ ಕಲ್ಲಿನ ಮೇಲೆ ಕೂತು ಡಬ್ಬಿ ಬಿಚ್ಚಿದ್ದರು. ಗುಬ್ಬಿ ಕಿತ್ತು ಹೋದ ಹುಲ್ಲಿನ ಗಡ್ಡೆಯನ್ನು ಎತ್ತಿ ತಂದು ಪಕ್ಕದಲ್ಲಿಟ್ಟುಕೊಂಡು ಊಟ ಮಾಡುತ್ತಿದ್ದಳು.

“ನಾನು ಹೇಳ್ದೆ ಅವರಿಗೆ,” ಎಂದಳು ಅವಳು, ಏದುಸಿರು ಬಿಡುತ್ತ. “ಅಳತೆ ನಂದು ಅಂತ.”

“ಹೌದಾ?” ಎಂದ ಡಿಗ್ರಿ. “ಏನಂದ್ರು?”

“ಆಯ್ತು ಅಂದ್ರು.”

“ಹಾಗಾದ್ರೆ ಗುಬ್ಬಿ ಮುಂದಿನ ಸೀಸನ್ನಿಗೆ ಇರ್ತಾಳೆ.”

ಅವಳು ಬಾಟಲಿ ತೆಗೆದು ನೀರು ಕುಡಿದಳು. ಕುಡಿಯುವಷ್ಟು ಹೊತ್ತು ಮಾತಾಡಬೇಕಾಗಿರಲಿಲ್ಲ. ಬಾಟಲಿ ಖಾಲಿಯಾಯಿತು.

“ರೂಮು?” ಎಂದ ಪೈಲ್ವಾನ.

“ಸೋಮವಾರ.”

ಫೋಟೋ ಎಂದಿನಂತೆ ಫೋನೆತ್ತಿ ಅವಳ ಕಡೆ ಹಿಡಿದಳು, ಒಂದು ಕ್ಷಣ ಪರದೆಯನ್ನೇ ನೋಡಿದಳು, ಚಿತ್ರ ತೆಗೆಯದೆಯೇ ಜೇಬಿಗೆ ಹಾಕಿಕೊಂಡಳು. ಗುಬ್ಬಿ ಡಬ್ಬಿಯ ಮುಚ್ಚಳವನ್ನು ಎಲ್ಲ ಮೂಲೆಗೂ ಒತ್ತಿ ಮುಚ್ಚಿ, “ಅಕ್ಕಾ, ನೀವು ಊಟ ಮಾಡಿಲ್ಲ,” ಎಂದಳು. ಅದರಲ್ಲಿ ಕೊಂಕಿದೆಯೇ ಎಂದು ಅವಳು ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಅವಳು ಹಾರೆ ತೆಗೆದುಕೊಂಡು ಮೇಲಿನ ಮೆಟ್ಟಿಲಿನ ಕಲ್ಲಿನ ಸಂದಿಗೆ ತೂರಿಸಿ ಮೀಟಿದಳು. ಕಲ್ಲನ್ನು ಚೆನ್ನಾಗಿಯೇ ಕೂರಿಸಿದ್ದರು, ಮೊದಲು ಅಲುಗಲಿಲ್ಲ. ಹಾರೆಯ ಮೇಲೆ ಮೈಭಾರ ಬಿಟ್ಟಳು. ಕಲ್ಲು ಒಂದು ಕಡೆಯಿಂದ ಬಾಯಿ ತೆರೆದ ಹಾಗೆ ಎದ್ದಿತು, ಅಡಿಯಲ್ಲಿ ಹಸಿಮಣ್ಣು, ಬಿಳಿಯ ಬೇರು, ಬೆಳಕಿಗೆ ಗಾಬರಿಯಾದ ಒಂದು ಹುಳ ಕಂಡವು. ಹಾರೆ ಬಿಟ್ಟರೆ ಕಲ್ಲು ಕೂರುತ್ತದೆ, ಹಿಡಿದರೆ ಅವಳು ಅಲ್ಲಿಂದ ಕದಲುವಂತಿಲ್ಲ. ಹಿಂದೆ ಯಾರೋ ಡಬ್ಬಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು.

“ಯಾರಾದ್ರೂ ಈ ಕಲ್ಲಿನ ಆ ಕಡೆ ಸ್ವಲ್ಪ ಹಿಡ್ಕೊಳ್ಳಿ,” ಎಂದಳು, ತಿರುಗದೆ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದಳು.